ದಣಿದ ಬೆಳಕು

ಟಾರ್ಚು ಅವನ ಅಂಗೈಯಲ್ಲಿ ಪೂರ್ತಿ ಅಡಗಿಹೋಯಿತು. ಮುಷ್ಟಿ ಬಿಗಿದರೆ ಅದರ ತಲೆಯಷ್ಟೇ ಹೆಬ್ಬೆರಳಿನ ಮೇಲೆ ಇಣುಕುತ್ತಿತ್ತು. ಬೆಳಗ್ಗೆಯಿಂದ ಅದನ್ನು ನೀರಿನಲ್ಲಿ ಮುಳುಗಿಸಿ ತೆಗೆದಿದ್ದ, ಎದೆಯೆತ್ತರದಿಂದ ಸಿಮೆಂಟಿನ ನೆಲಕ್ಕೆ ಬೀಳಿಸಿದ್ದ, ದಪ್ಪ ಕೈಗವಸು ಹಾಕಿಕೊಂಡು ಗುಂಡಿ ಒತ್ತಿ ನೋಡಿದ್ದ, ಚಾರ್ಜಿನ ತೂತಿಗೆ ಮುಚ್ಚಿದ ರಬ್ಬರಿನ ನಾಲಿಗೆಯನ್ನು ಉಗುರಿನಿಂದ ಎಬ್ಬಿಸಿ ಒಳಗೆ ತೇವ ಇಳಿದಿದೆಯೇ ಎಂದು ಕಾಗದದ ಚೂರು ತುರುಕಿ ಪರೀಕ್ಷಿಸಿದ್ದ. ಎಲ್ಲದರಲ್ಲೂ ಅದು ಗೆದ್ದಿತ್ತು. ಅದು ಗೆದ್ದಷ್ಟೂ ಅವನಿಗೆ ಬೇಸರವಾಗುತ್ತಿತ್ತು. ಒಂದರಲ್ಲಾದರೂ ಸೋತಿದ್ದರೆ ಕೆಲಸ ಅಲ್ಲಿಗೇ ಮುಗಿದು ಗೋದಾಮಿಗೆ ಹೋಗುವ ಪ್ರಮೇಯವೇ ಬರುತ್ತಿರಲಿಲ್ಲ. ಪೆಟ್ಟಿಗೆಯ ಮೇಲೆ ಕಣ್ಣು ಕುಕ್ಕುವ ಅಂಕಿಯಲ್ಲಿ ಅದರ ಬೆಳಕಿನ ಅಳತೆಯನ್ನು ಅಚ್ಚುಹಾಕಿದ್ದರು. ಕೆಳಗೆ, ಬೆಟ್ಟ, ಕಾಡು, ಮಳೆ, ಮಂಜು ಯಾವುದಕ್ಕೂ ಸೈ ಎಂಬ ಮಾತು. ಅಂಗೈಯಗಲದ ವಸ್ತುವೊಂದು ಹಗಲನ್ನೇ ಹೊತ್ತು ತರುತ್ತೇನೆಂದು ಕೊಚ್ಚಿಕೊಳ್ಳುವುದನ್ನು ಓದಿದರೆ ಹಿಂದೆಲ್ಲ ಅವನಿಗೆ ನಗು ಬರುತ್ತಿತ್ತು. ಈಗ ಆಕಳಿಕೆ ಬಂತು. ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಬಾಗಿಲಲ್ಲಿ ಬೇಗಪ್ಪ ನಿಂತಿದ್ದ. ಬೇಗಪ್ಪ ಈ ಪರೀಕ್ಷಾಲಯದ ಮುಖ್ಯಸ್ಥ, ಅವನಿಗಿಂತ ವಯಸ್ಸಿನಲ್ಲಿ ಚಿಕ್ಕವನು. ಎಲ್ಲವೂ ಬೇಗ ಆಗಬೇಕೆನ್ನುವವನಾದ್ದರಿಂದ ಆ ಹೆಸರು ಬಿದ್ದಿತ್ತು; ಅವನ ನಿಜವಾದ ಹೆಸರು ಬಾಗಿಲ ಮೇಲಿನ ಫಲಕಕ್ಕೆ ಮಾತ್ರ ಗೊತ್ತಿತ್ತು.

"ಏನ್ ಗುರುಗಳೇ, ಮುಗೀತಾ? ಬೆಟ್ಟದಲ್ಲಿ ಜನರನ್ನ ಹುಡುಕೋ ತಂಡದವರು ಮತ್ತೆ ಫೋನ್ ಮಾಡಿದ್ರು. ನಿಮ್ಮ ಮಗಳ ತಂಡಾನೇ ಅಲ್ವಾ ಅದು? ನೀವು ಹೂಂ ಅಂದ್ರೆ ಇದನ್ನೇ ಎಲ್ಲರಿಗೂ ತರಿಸ್ತಾರಂತೆ."

"ಬಿಸಿ ಪರೀಕ್ಷೆ ಬಾಕಿ ಇದೆ."

"ಅದೇನ್ ಬಿಡಿ, ನೀವು ಒಂದ್ ಸಲ ಕಣ್ಣು ಹಾಯಿಸಿದ್ರೆ ಆಯ್ತು. ಯಂತ್ರ ಸುಳ್ಳು ಹೇಳಬಹುದು, ನಿಮ್ಮ ಕಣ್ಣು ಹೇಳಲ್ಲ," ಎಂದು ಬೇಗಪ್ಪ ಹೊರಟೇಹೋದ. ಹೊಗಳಿಕೆಯನ್ನೂ ಅವನು ನಡೆಯುತ್ತಲೇ ಮುಗಿಸುತ್ತಿದ್ದ.

ಆ ಮಾತು ಬೇಗಪ್ಪನದಲ್ಲ, ಹಳೆಯದು. ಮೊದಲು ಈ ಮೇಜಿನಲ್ಲಿ ಕೂರುತ್ತಿದ್ದ ಹಿರಿಯರು, ಅವನಿಗೆ ಕೆಲಸ ಕಲಿಸಿದವರು, ಹೇಳುತ್ತಿದ್ದದ್ದು. ಬಿಳಿ ಬಣ್ಣ ಬಳಿದ ಟೊಳ್ಳು ಗೋಳವೊಂದರೊಳಗೆ ಟಾರ್ಚನ್ನು ಇಟ್ಟು ಹಚ್ಚಿದರೆ ಯಂತ್ರ ಅದರ ಬೆಳಕನ್ನು ಅಳೆದು ಅಂಕಿ ಕೊಡುತ್ತದೆ. ಆದರೆ ಅದು ಆಗತಾನೇ ಹಚ್ಚಿದ ಟಾರ್ಚಿನ ಅಂಕಿ. ಉರಿಯುತ್ತ ಉರಿಯುತ್ತ ಟಾರ್ಚು ಬಿಸಿಯೇರುತ್ತದೆ, ತನ್ನ ಬಿಸಿ ತಾನೇ ತಾಳಲಾರದೆ ಸದ್ದಿಲ್ಲದೆ ಬೆಳಕನ್ನು ಇಳಿಸಿಕೊಳ್ಳುತ್ತದೆ. ಮೈ ಚಿಕ್ಕದಾದಷ್ಟೂ ಇದು ಬೇಗ. ಅಂಗಡಿಯಲ್ಲಿ ಒಮ್ಮೆ ಟಕ್ ಎನಿಸಿ, ಅಬ್ಬಾ ಎಂದು ಉದ್ಗರಿಸಿ ಕೊಳ್ಳುವವರಿಗೆ ಇದು ತಿಳಿಯುವುದೇ ಇಲ್ಲ, ಗೊತ್ತಾಗುವುದು ನಡುಗಾಡಿನಲ್ಲಿ. ಅದಕ್ಕೇ ಹಿರಿಯರು ನಿಯಮ ಮಾಡಿದ್ದರು, ಹೊಸ ಬೆಳಕನ್ನು ಯಂತ್ರ ನೋಡಲಿ, ದಣಿದ ಬೆಳಕನ್ನು ಮನುಷ್ಯ ನೋಡಲಿ ಎಂದು. ಟಾರ್ಚನ್ನು ಕೈಯಲ್ಲೇ ಹಿಡಿದು ಅದು ಕಾದು, ಇಳಿದು, ಒಂದು ಹದಕ್ಕೆ ಬರುವವರೆಗೆ ಕಾಯಬೇಕು. ಆಮೇಲೆ ಹಿತ್ತಲ ಗೋದಾಮಿನಲ್ಲಿ ನೋಡಬೇಕು. ಕಿಟಕಿಗಳಿಲ್ಲದ, ಗೋಡೆಗೆಲ್ಲ ಕಪ್ಪು ಬಳಿದ, ರೈಲಿನ ಬೋಗಿಗಳನ್ನು ಸಾಲಾಗಿ ಇಟ್ಟಷ್ಟು ಉದ್ದದ ಗೋದಾಮು ಅದು. ಹಗಲಲ್ಲೂ ಅಲ್ಲಿ ಅಮಾವಾಸ್ಯೆ. ಒಬ್ಬರು ಬೂದು ಬಣ್ಣದ ಕೋಟು ತೊಟ್ಟು, ಬೆನ್ನು ತೋರಿಸಿ, ಟಾರ್ಚಿನಿಂದ ದೂರ ದೂರ ನಡೆಯುತ್ತ ಹೋಗುತ್ತಾರೆ. ಟಾರ್ಚು ಹಿಡಿದವನು ಅವರು ಕಣ್ಣಿಗೆ ಕಾಣದಾದ ಕ್ಷಣ "ಹೋಯ್ತು" ಎಂದು ಕೂಗಬೇಕು. ಕೂಗಿದಾಗ ಅವರು ನೆಲದ ಯಾವ ಗೆರೆಯ ಮೇಲಿರುತ್ತಾರೋ ಅಲ್ಲಿಯವರೆಗೆ ಆ ಟಾರ್ಚಿನ ದಣಿದ ಬೆಳಕಿನ ಓಟ. ಎಷ್ಟೋ ವರ್ಷಗಳಿಂದ "ಹೋಯ್ತು" ಎನ್ನುವವನು ಅವನೊಬ್ಬನೇ. ಬೇರೆಯವರ ಕಣ್ಣು ಬೇರೆ ಲೆಕ್ಕ ಹೇಳುತ್ತದೆ, ಒಂದೇ ಕಣ್ಣಾದರೆ ಟಾರ್ಚನ್ನು ಟಾರ್ಚಿಗೆ ಹೋಲಿಸಬಹುದು ಎಂಬುದೂ ಹಿರಿಯರ ನಿಯಮವೇ. ಆ ಒಂದು ಕಣ್ಣಿಗೇ ಏನಾದರೂ ಆದರೆ ಏನು ಮಾಡಬೇಕೆಂದು ಅವರು ಹೇಳಿರಲಿಲ್ಲ.

ಆಗಿದ್ದು ಯಾವಾಗ ಎಂದು ಅವನಿಗೂ ಸರಿಯಾಗಿ ಗೊತ್ತಿಲ್ಲ. ಮುಸ್ಸಂಜೆ ಮುಂಚಿಗಿಂತ ಬೇಗ ಬರುತ್ತಿದೆ ಎನ್ನಿಸತೊಡಗಿತ್ತು, ಅಷ್ಟೇ. ಬೀದಿ ದೀಪಗಳು ಮಂಕಾಗಿವೆ ಎಂದು ಪುರಸಭೆಯನ್ನು ಬೈದುಕೊಂಡಿದ್ದ. ಸಿನಿಮಾ ಮಂದಿರದ ಕತ್ತಲಲ್ಲಿ ಖಾಲಿ ಕುರ್ಚಿಯೆಂದು ಯಾರದೋ ಮಡಿಲಲ್ಲಿ ಕುಳಿತು, ಅವರು "ಹೋಗ್ಲಿ ಬಿಡಿ ಯಜಮಾನ್ರೇ" ಎಂದು ನಕ್ಕಾಗ ಅವಮಾನದಿಂದ ಮೈಯೆಲ್ಲ ಬೆಂದಂತಾಗಿ ಸಿನಿಮಾವನ್ನೇ ಬಿಟ್ಟಿದ್ದ. ಅಮ್ಮ ಹೀಗೆಯೇ ಇದ್ದಳು. ಕತ್ತಲಾಗುವ ಮೊದಲೇ ದೀಪ ಹಚ್ಚಿಕೊಂಡು ಅದರ ಕೆಳಗೆ ಕುಳಿತುಬಿಟ್ಟರೆ ಯಾರು ಬಂದರೂ ಏಳುತ್ತಿರಲಿಲ್ಲ. ಬಂದವರಿಗೆ ಎದ್ದು ನಿಂತು ಬನ್ನಿ ಎನ್ನುವ ಸೌಜನ್ಯವೂ ಇಲ್ಲ ಎಂದು ಬೀದಿಯಲ್ಲೆಲ್ಲ ಅವಳಿಗೆ ಗತ್ತಿನವಳೆಂದು ಹೆಸರು. ಎದ್ದರೆ ಎಡವುತ್ತಾಳೆ ಎನ್ನುವುದು ಮನೆಯವರಿಗೆ ಮಾತ್ರ ಗೊತ್ತಿತ್ತು. ಒಳಮನೆಯ ಗೋಡೆಗೆ ಎಷ್ಟು ಸಲ ಸುಣ್ಣ ಹೊಡೆದರೂ ಅವಳ ಕೈ ಸವರಿದ ಎತ್ತರದಲ್ಲಿ ಎಣ್ಣೆಜಿಡ್ಡಿನ ಉದ್ದ ಪಟ್ಟೆಯೊಂದು ಮತ್ತೆ ಮೂಡುತ್ತಿತ್ತು. ಇರುಳುಗುರುಡು ಎನ್ನುವ ಮಾತನ್ನು ಆಗಲೂ ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಈಗ ಅವನು ಆಫೀಸಿನಿಂದ ಬಿಸಿಲಿರುವಾಗಲೇ ಜಾಗ ಖಾಲಿಮಾಡುತ್ತಾನೆ, ಸಂಜೆಯ ಯಾವ ಕೂಟಕ್ಕೂ ಹೋಗುವುದಿಲ್ಲ. ಹೆಂಡತಿಗೆ ಹೆದರುವವನು ಎಂದು ಜೊತೆಯವರು ಗೇಲಿ ಮಾಡುತ್ತಾರೆ. ಮಾಡಲಿ ಎಂದು ಬಿಟ್ಟಿದ್ದಾನೆ. ಗತ್ತಿನವನೆಂಬ ಹೆಸರಿಗಿಂತ ಅದು ವಾಸಿ.

ಆದರೆ ನಿಜವಾಗಿ ಅವನ ನಿದ್ದೆ ಕೆಡಿಸಿದ್ದು ತನ್ನ ಕಣ್ಣಲ್ಲ, ಮಗಳದ್ದು. ಕಳೆದ ಚಳಿಗಾಲದವರೆಗೂ ಅವಳು ತಂಡದಲ್ಲಿ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದವಳು. ಬೆಟ್ಟದಲ್ಲಿ ದಾರಿ ತಪ್ಪಿದವರನ್ನು ರಾತ್ರಿಯೆಲ್ಲ ಹುಡುಕಿ ಬೆಳಗ್ಗೆ ಕೆಸರು ಮೆತ್ತಿದ ಬೂಟಿನಲ್ಲಿ ಬಂದು, ಅಡುಗೆಮನೆಯ ಹೊಸ್ತಿಲಲ್ಲೇ ಕುಳಿತು, ಯಾರು ಸಿಕ್ಕರು, ಹೇಗೆ ಸಿಕ್ಕರು ಎಂದು ಬಾಯಿತುಂಬ ಹೇಳುತ್ತಿದ್ದವಳು. ಇದ್ದಕ್ಕಿದ್ದಂತೆ ರಾತ್ರಿಯ ಹುಡುಕಾಟ ಬಿಟ್ಟು ವೈರ್‌ಲೆಸ್ ಕೋಣೆಯ ಕೆಲಸ ಕೇಳಿ ಹಾಕಿಸಿಕೊಂಡಳು. ಬೆನ್ನುನೋವು ಎಂದಳು. ಬೆನ್ನುನೋವಿದ್ದವರು ಅವಳಂತೆ ಕಟ್ಟಿಗೆಯ ರಾಶಿಯನ್ನು ಎತ್ತಿಡುವುದಿಲ್ಲ. ಒಂದು ಸಂಜೆ ಅವಳು ಮೆಟ್ಟಿಲಿಳಿಯುವಾಗ ಗೋಡೆಗೆ ಕೈಯಿಟ್ಟದ್ದನ್ನು ಅವನು ನೋಡಿದ. ಸುಮ್ಮನೆ ಇಟ್ಟಿರಬಹುದು, ಎಲ್ಲರೂ ಇಡುತ್ತಾರೆ. ಆದರೂ ಅವನಿಗೆ ಒಳಮನೆಯ ಗೋಡೆಯ ಜಿಡ್ಡಿನ ಪಟ್ಟೆ ನೆನಪಾಯಿತು. ಅಮ್ಮನಿಂದ ತನಗೆ ಬಂದದ್ದು ತನ್ನಿಂದ ಅವಳಿಗೆ ಹೋಯಿತೇ? ಕೇಳಬೇಕಾದರೆ ಮೊದಲು ತನ್ನದನ್ನು ಹೇಳಬೇಕು. ತನ್ನದನ್ನು ಹೇಳಿದರೆ ಅವಳದ್ದು ನಿಜವಾಗಿಬಿಡುತ್ತದೆ ಎಂಬಂತೆ ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ.

ಊಟದ ಹೊತ್ತು ಮೀರಿದ ಮೇಲೆ ಟಾರ್ಚನ್ನು ಹಚ್ಚಿ, ಮುಷ್ಟಿಯಲ್ಲಿ ಹಿಡಿದು, ಗೋದಾಮಿನ ಬಾಗಿಲಲ್ಲಿ ಕುಳಿತ. ಬೂದು ಕೋಟು ತೊಡುವ ಅಕ್ಕ ಬಂದಳು. ಅವಳು ಅವನಿಗಿಂತ ತೀರ ಚಿಕ್ಕವಳು, ಪಾರ್ಸೆಲ್ ವಿಭಾಗದಲ್ಲಿ ಕೆಲಸ. ಆದರೆ ಎಲ್ಲರಿಗೂ ಅಕ್ಕ, ಅವನಿಗೂ. ಗೋದಾಮಿನಲ್ಲಿ ನಡೆಯಬೇಕಾದಾಗಲೆಲ್ಲ ಕರೆಸುವುದು ಅವಳನ್ನೇ. ಟಾರ್ಚಿನ ಮೈ ಕಾಯತೊಡಗಿತ್ತು. ಮೊದಲು ಬೆಚ್ಚಗೆ, ಹಿತವಾಗಿ, ಚಳಿಯಲ್ಲಿ ಟೀ ಲೋಟ ಹಿಡಿದಂತೆ. ಆಮೇಲೆ ಬೆರಳನ್ನು ಜಾಗ ಬದಲಿಸುವಂತೆ. ಆ ಉರಿ ಅವನಿಗೆ ಇಷ್ಟವೇ ಆಯಿತು. ಕಣ್ಣು ಬೇಡದ, ಅವನು ಈಗಲೂ ಪ್ರಾಮಾಣಿಕವಾಗಿ ಹೇಳಬಲ್ಲ ಸಂಗತಿ ಅದೊಂದೇ. ಬೆಳಕು ಇಳಿಯಿತೇ ಎಂದು ನೋಡಲು ಗೋಡೆಗೆ ಹಿಡಿದ. ಇಳಿದಂತೆ ಕಂಡಿತು. ಎಷ್ಟು ಎಂದು ಕೇಳಿದರೆ ಆಣೆ ಮಾಡಿ ಹೇಳಲಾರ.

"ಶುರು ಮಾಡೋಣ್ವಾ ಸರ್?" ಎಂದು ಅಕ್ಕ ಕೋಟು ತೊಟ್ಟು ಬಾಗಿಲೆಳೆದಳು.

ಇಲ್ಲಿಯವರೆಗೆ ಅದು ಹೇಗೆ ನಡೆಯುತ್ತಿತ್ತು ಎಂದರೆ: ಬೂದು ಬೆನ್ನು ಸ್ವಲ್ಪ ದೂರ ಕಾಣುತ್ತಿತ್ತು, ಆಮೇಲೆ ಕರಗುತ್ತಿತ್ತು. ಆದರೆ ಅವಳ ಗಟ್ಟಿ ಅಟ್ಟೆಯ ಶೂ ಟಕ್ ಟಕ್ ಎಂದು ನಡೆಯುತ್ತಲೇ ಇರುತ್ತಿತ್ತು. ಸದ್ದು ಎಲ್ಲಿದೆಯೋ ಅಲ್ಲಿ ಅವನಿಗೆ ಬೆನ್ನೂ ಕಾಣುತ್ತಿತ್ತು. ಕಾಣುತ್ತಿದೆ ಎಂದೇ ಅವನು ನಂಬಿದ್ದ. ಇಂಥ ಟಾರ್ಚು ಇಷ್ಟು ದೂರ ಎಂಬ ವರ್ಷಗಳ ಅಭ್ಯಾಸವಿತ್ತಲ್ಲ. ಸದ್ದು ಅಲ್ಲಿಗೆ ತಲುಪಿದಾಗ ಬಾಯಿ ತಾನಾಗಿ "ಹೋಯ್ತು" ಎನ್ನುತ್ತಿತ್ತು. ಕಿವಿಯಿಂದ ಕೇಳುತ್ತಿದ್ದೇನೆ ಎಂದು ಒಪ್ಪಿಕೊಳ್ಳದೆ ಕಿವಿಯಿಂದ ಕೇಳುವುದು ಎಷ್ಟು ಸುಲಭ ಎಂದು ಯಾರಿಗಾದರೂ ಹೇಳಿದರೆ ನಂಬುವುದಿಲ್ಲ. ಇವತ್ತು ಸದ್ದೇ ಇರಲಿಲ್ಲ. ಟಾರ್ಚಿನ ನಡುವಿನ ಬೆಳಕು ಒಂದು ಬಿಳಿ ಕಂಬದಂತೆ ನೇರಕ್ಕೆ ಹೋಗಿ ಎಲ್ಲೋ ಮುಗಿಯುತ್ತಿತ್ತು, ಅದರ ಎರಡೂ ಬದಿಗೆ ಗೋಣಿಚೀಲ ಇಳಿಬಿಟ್ಟಂಥ ಕತ್ತಲೆ. ಅವಳು ನಡೆಯುತ್ತಿದ್ದಾಳೆ ಎಂದು ಅವನು ಅಂದುಕೊಂಡ. ನಡುವಿನ ಗೆರೆ ದಾಟಿರಬೇಕು ಎಂದುಕೊಂಡ. ಉಸಿರು ಬಿಗಿಹಿಡಿದು ಕೇಳಿಸಿಕೊಂಡ. ತನ್ನ ಗಡಿಯಾರದ ಸದ್ದು ಬಿಟ್ಟು ಏನೂ ಇಲ್ಲ. ಇನ್ನೂ ಸುಮ್ಮನಿದ್ದರೆ ಅನುಮಾನ ಬಂದೀತು ಎನ್ನಿಸಿ, ಎಂದಿನ ಗಟ್ಟಿ ದನಿಯಲ್ಲಿ, "ಹೋಯ್ತು" ಎಂದ.

"ಸರ್, ನಾನಿನ್ನೂ ಇಲ್ಲೇ ಇದೀನಿ," ಎಂದಳು ಅಕ್ಕ, ಅವನ ಬಲಗಡೆ, ಕೈ ಚಾಚಿದರೆ ಎಟುಕುವಷ್ಟು ಹತ್ತಿರದಲ್ಲಿ. "ಲೇಸು ಬಿಚ್ಚಿಹೋಗಿತ್ತು, ಕಟ್ತಾ ಇದೀನಿ."

ಅವನು ಟಾರ್ಚನ್ನು ಆ ಕಡೆ ತಿರುಗಿಸಿದ. ಕೋಟು ನೆಲಕ್ಕೆ ತಾಗುವಂತೆ ಕುಕ್ಕರಗಾಲಲ್ಲಿ ಕುಳಿತಿದ್ದಳು. ಕಾಲಲ್ಲಿ ಬಟ್ಟೆಯ ಮೆತ್ತನೆ ಶೂ. ಯಾರಾದರೂ, ಎಂಥವರಾದರೂ, ಆ ದೂರಕ್ಕೆ ಅವಳನ್ನು ನೋಡುತ್ತಿದ್ದರು. ಅವನ ಕಿವಿಯವರೆಗೆ ಬಿಸಿಯೇರಿತು. 

"ಆ ಶೂ ಹಿಮ್ಮಡಿ ಕಿತ್ತುಬಂತು, ರಿಪೇರಿಗೆ ಕೊಟ್ಟಿದೀನಿ," ಎಂದಳು ಅವಳು, ತಾನೇ ತಪ್ಪು ಮಾಡಿದವಳ ಹಾಗೆ. ಸ್ವಲ್ಪ ತಡೆದು, "ನಾನೇ ಮೊದಲೇ ಹೇಳ್ಬೇಕಿತ್ತು. ಇವತ್ತು ಬೇಡ, ನಾಳೆ ಮಾಡೋಣ ಅಂತ."

"ಯಾಕೆ ಹೇಳ್ಬೇಕಿತ್ತು?"

ಅವಳು ಎದ್ದು ನಿಂತಳು. ಕೋಟಿನ ಗುಂಡಿ ತಡಕಾಡಿದಳು. "ನೀವು ಸದ್ದು ಕೇಳ್ಕೊಂಡು ಹೇಳ್ತೀರಿ ಅಂತ ನಂಗೆ ಗೊತ್ತು ಸರ್. ಎರಡು ಮಳೆಗಾಲದ ಹಿಂದೆ ಒಂದ್ ಸಲ ನಾನು ಮಧ್ಯ ಬೆಳಕಲ್ಲೇ ನಿಂತ್ಕೊಂಡೆ, ಸದ್ದು ನಿಂತ ತಕ್ಷಣ ನೀವು ಹೋಯ್ತು ಅಂದ್ರಿ, ಆಗ್ಲೇ ಗೊತ್ತಾಯ್ತು. ಅದಕ್ಕೇ ಗಟ್ಟಿ ಅಟ್ಟೆದು ತಗೊಂಡೆ. ಸರಿಯಾದ ಜಾಗ ಬಂದಾಗ ಸ್ವಲ್ಪ ನಿಧಾನ ಮಾಡ್ತಿದ್ದೆ. ನೀವು ಆಗ ಹೇಳ್ತಿದ್ರಿ."

"ಸರಿಯಾದ ಜಾಗ ಅಂತ ನಿಂಗೆ ಯಾರು ಹೇಳಿದ್ದು?"

"ಯಾವಾಗ್ಲೂ ಅಲ್ಲೇ ಹೇಳ್ತಿದ್ರಲ್ಲ ಸರ್ ನೀವು, ಮುಂಚೆ."

ಟಾರ್ಚು ಅಂಗೈ ಸುಡುತ್ತಿತ್ತು. ಆರಿಸಬೇಕೆಂದು ಅವನಿಗೆ ಹೊಳೆಯಲಿಲ್ಲ. ಇಬ್ಬರೂ ಸೇರಿ, ಒಬ್ಬರಿಗೊಬ್ಬರು ಒಂದೂ ಮಾತಾಡದೆ, ಎಂಥ ಅಚ್ಚುಕಟ್ಟಾದ ಕೆಲಸ ಮಾಡಿದ್ದರು! ಅವಳು ಅವನ ಹಳೆಯ ಕಣ್ಣನ್ನು ನೆನಪಿಟ್ಟುಕೊಂಡು ನಡೆದಳು, ಅವನು ಅವಳ ಕಾಲನ್ನು ಕೇಳಿಸಿಕೊಂಡು ನೋಡಿದ. ನಡುವೆ ಟಾರ್ಚು ಎಂಬುದೊಂದು ಇತ್ತು ಎನ್ನುವುದೇ ಇಬ್ಬರಿಗೂ ಮರೆತುಹೋಗಿತ್ತು. ಎಂಥ ಟಾರ್ಚು ತಂದರೂ ಒಂದೇ ಓಟ ಬರುತ್ತಿತ್ತು; ಮಂಕು ಕಂದೀಲು ತಂದಿದ್ದರೂ ಪಾಸಾಗುತ್ತಿತ್ತು. ಅವಳ ಮೇಲೆ ಸಿಟ್ಟು ಬಂತು, ಸಿಟ್ಟಿಗೆ ನೆಲೆಯಿಲ್ಲದೆ ಅದು ಅಲ್ಲೇ ಕುಸಿಯಿತು. ಯಾರೂ ಅವನಿಗೋಸ್ಕರ ಇಷ್ಟು ನಿಷ್ಠೆಯಿಂದ ಸುಳ್ಳು ಹೇಳಿರಲಿಲ್ಲ. ಆಮೇಲೆ ನಿಧಾನವಾಗಿ, ಕಾಲಿನಿಂದ ಮೇಲಕ್ಕೆ ತಣ್ಣೀರು ಏರಿದ ಹಾಗೆ, ಇನ್ನೊಂದು ನೆನಪಾಯಿತು. ಹೋದ ವರ್ಷ ಹುಡುಕುವ ತಂಡಕ್ಕೆಂದು ಬಂದ ಟಾರ್ಚನ್ನು, ಸೌತೆಕಾಯಿ ಗಾತ್ರದ್ದು, ಹೀಗೆಯೇ ಇಲ್ಲಿ ನಿಂತು ಅವನು ಪಾಸು ಮಾಡಿದ್ದ. ಮಗಳ ಸೊಂಟದಲ್ಲಿ ತೂಗುವುದು ಅದೇ. ನನ್ನಪ್ಪ ನೋಡಿದ್ದು ಎಂದು ಅವಳು ತಂಡದವರಿಗೆಲ್ಲ ತೋರಿಸಿಕೊಂಡು ಬಂದಿದ್ದಳು.

"ಅಕ್ಕ, ಹೋದ ವರ್ಷದ ಆ ಉದ್ದದ್ದು... ಅದು ಹೆಂಗಿತ್ತು?"

"ನಂಗೇನ್ ಗೊತ್ತು ಸರ್. ನನ್ನ ಬೆನ್ನಲ್ವಾ ಈ ಕಡೆ ಇರೋದು?" ಎಂದಳು ಅವಳು. ಅದು ನಿಜವೇ ಆಗಿತ್ತು.

ಅವತ್ತು ಅವನು ಹೊರಡುವುದು ತಡವಾಯಿತು. ಬೇಗಪ್ಪ ಎರಡು ಸಲ ಬಂದು "ಏನಾಯ್ತು?" ಎಂದ, ಎರಡು ಸಲವೂ ಅವನು "ನಾಳೆ" ಎಂದ, ಆ ಮಾತು ಬೇಗಪ್ಪನ ಕಿವಿಗೆ ಹೊಸದು. ರಸ್ತೆಗೆ ಬರುವಷ್ಟರಲ್ಲಿ ಬೆಳಕು ನಸುಗಪ್ಪಾಗಿತ್ತು. ಅಂಗಡಿ ದೀಪಗಳು ಒಂದೊಂದೂ ಬೇರೆ ಬೇರೆ ಊರಿನಲ್ಲಿರುವಂತೆ ಕಂಡವು, ನಡುವಿನ ದಾರಿ ಅವನ ಪಾಲಿಗೆ ಇರಲೇ ಇಲ್ಲ. ಜೇಬಿನಲ್ಲಿ ಆ ಪುಟ್ಟ ಟಾರ್ಚಿತ್ತು. ಹಚ್ಚಿಕೊಂಡು ನಡೆಯಬಹುದಿತ್ತು. ಜನ ಓಡಾಡುವ ರಸ್ತೆಯಲ್ಲಿ, ಇನ್ನೂ ಆಕಾಶದಲ್ಲಿ ಬೆಳಕಿರುವಾಗ ಟಾರ್ಚು ಹಿಡಿದು ನಡೆಯುವ ಮುದುಕನಾಗಲು ಮನಸ್ಸು ಒಪ್ಪಲಿಲ್ಲ. ಕಟ್ಟೆ, ಕಂಬ, ನಿಂತ ಸೈಕಲ್ಲುಗಳನ್ನು ಕೈಯಲ್ಲಿ ಗುರುತಿಸುತ್ತ, ಯಾರಿಗೋ ಡಿಕ್ಕಿ ಹೊಡೆದು "ಕಣ್ ಕಾಣಲ್ವೇನ್ರೀ" ಎನ್ನಿಸಿಕೊಂಡು, ಇಲ್ಲ ಎಂದು ಮನಸ್ಸಿನಲ್ಲೇ ಉತ್ತರಿಸಿ ಮುಂದೆ ಹೋದ. ಎಷ್ಟು ನಿರಾಳವಾದ ಉತ್ತರ ಎನ್ನಿಸಿತು. ಹೆಂಡತಿ ಗೇಟಿನ ಹತ್ತಿರ ಗಿಡಗಳಿಗೆ ನೀರು ಹಾಕುತ್ತಿದ್ದಳು. ಅವಳು ನೀರು ಹಾಕುವುದು ಬೆಳಗ್ಗೆ. ಅವನು ತಡವಾದ ದಿನ ಮಾತ್ರ ಸಂಜೆಯೂ ಗಿಡಗಳಿಗೆ ಬಾಯಾರಿಕೆಯಾಗುತ್ತಿತ್ತು.

"ಮೆಟ್ಟಿಲು," ಎಂದಳು, ಅವನ ಮೊಣಕೈ ಹಿಡಿಯದೆ ಪಕ್ಕದಲ್ಲಿ ನಡೆಯುತ್ತ. "ಇನ್ನೊಂದು."

"ನಿಂಗೆ ಯಾವಾಗಿಂದ ಗೊತ್ತು?"

"ಅಯ್ಯೋ, ಏನ್ರೀ ನೀವು. ಹಾಸಿಗೆ ಪಕ್ಕದ ಲೋಟ ದಿನಾ ಉರುಳಿಸೋರು ನೀವು, ಎತ್ತಿಡೋಳು ನಾನು. ನೀವಾಗೇ ಹೇಳ್ಲಿ ಅಂತ ಸುಮ್ನಿದ್ದೆ. ನಿಮಗೆ ಆಫೀಸಲ್ಲಿ ತೊಂದರೆ ಆಗ್ದಿದ್ರೆ ಸಾಕು ಅಂತ ಇದ್ದೆ."

ಮಗಳು ಒಳಗೆ ಊಟದ ಮೇಜಿಗೆ ಹಳೆಯ ಪತ್ರಿಕೆ ಹಾಸಿ ಬೂಟುಗಳಿಗೆ ಎಣ್ಣೆ ಹಚ್ಚುತ್ತಿದ್ದಳು. ವೈರ್‌ಲೆಸ್ ಕೋಣೆಯಲ್ಲಿ ಕೂರುವವಳಿಗೆ ಬೆಟ್ಟದ ಬೂಟು ಬೇಕಿರಲಿಲ್ಲ, ಆದರೂ ವಾರಕ್ಕೊಮ್ಮೆ ಹಚ್ಚುತ್ತಿದ್ದಳು. ದೀಪದ ಕೆಳಗೆ ಅವಳ ತಲೆ ಬಾಗಿದ್ದ ರೀತಿ ತನ್ನ ಅಮ್ಮನದ್ದೇ. ಅವನು ಎದುರಿನ ಕುರ್ಚಿಯಲ್ಲಿ ಕುಳಿತ. ಹೇಗೆ ಶುರುಮಾಡುವುದೆಂದು ದಾರಿಯುದ್ದಕ್ಕೂ ಹೊಸೆದುಕೊಂಡು ಬಂದಿದ್ದ ಮಾತುಗಳೆಲ್ಲ ಬೂಟಿನೆಣ್ಣೆಯ ವಾಸನೆಗೆ ಮರೆತುಹೋದವು.

"ನಿನ್ನ ಸೊಂಟದಲ್ಲಿರೋ ಟಾರ್ಚು ನಾನು ನೋಡಿಲ್ಲ ಮಗಳೇ," ಎಂದ. "ಪಾಸು ಮಾಡಿದೆ. ಆದ್ರೆ ನೋಡಿಲ್ಲ. ನಂಗೆ ಕತ್ತಲಲ್ಲಿ ಕಣ್ಣು ಕಾಣಲ್ಲ. ತುಂಬ ದಿನ ಆಯ್ತು. ಅಕ್ಕ ನಡೆಯೋ ಸದ್ದು ಕೇಳ್ಕೊಂಡು ಹೇಳ್ತಿದ್ದೆ."

ಅವಳ ಕೈ ನಿಂತಿತು. ಬಟ್ಟೆಯ ಚೂರು ಬೂಟಿನ ಮೂತಿಯ ಮೇಲೇ ಉಳಿಯಿತು. ಅಡುಗೆಮನೆಯಲ್ಲಿ ಹೆಂಡತಿ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ್ದು ಕೇಳಿಸಿತು.

"ಏನಂದೆ?"

ಅವನು ಮತ್ತೆ ಹೇಳಿದ. ಎರಡನೆಯ ಸಲ ಹೇಳುವುದು ಮೊದಲಿಗಿಂತ ಕಷ್ಟವಾಯಿತು. ಅಕ್ಕ, ಶೂ, ಎಲ್ಲವನ್ನೂ ಹೇಳಿದ. ಅವಳು ಬೈಯುತ್ತಾಳೆಂದುಕೊಂಡಿದ್ದ. ಅವಳು ಅವನನ್ನು ನೋಡದೆ, ಮೇಜಿನ ಮೇಲೆ ಹಾಸಿದ್ದ ಪತ್ರಿಕೆಯ ಅಕ್ಷರಗಳನ್ನು ಓದುತ್ತಿರುವವಳಂತೆ ಮಾತಾಡಿದಳು.

"ಹೋದ ಚಳಿಗಾಲ ಒಬ್ಬ ಮುದುಕ ತಪ್ಪಿಸ್ಕೊಂಡಿದ್ದ ಗೊತ್ತಲ್ಲ. ಹಳ್ಳದ ಅಂಚು ನನ್ನ ಪಾಲಿಗೆ ಬಂದಿತ್ತು. ಪೂರ್ತಿ ನೋಡ್ದೆ. ಇಲ್ಲ ಅಂತ ವೈರ್‌ಲೆಸ್ಸಲ್ಲಿ ಹೇಳ್ದೆ. ಬೆಳಗ್ಗೆ ಸಿಕ್ಕಿದ್ದು ಅಲ್ಲೇ, ನನ್ನ ಹೆಜ್ಜೆ ಗುರುತಿನ ಪಕ್ಕದಲ್ಲೇ. ಜೀವ ಇತ್ತು, ಅಷ್ಟೇ. ಕಾಲು ಉಳೀಲಿಲ್ಲ." ಅವಳು ಬೂಟನ್ನು ಪಕ್ಕಕ್ಕೆ ಸರಿಸಿದಳು. "ಟಾರ್ಚು ಮಂಕು ಅಂತ ನಂಗೆ ಹೊಳೀಲೇ ಇಲ್ಲ ಅಪ್ಪ. ನೀನು ನೋಡಿದ್ದಲ್ವಾ. ಅಜ್ಜಿದು ನನ್ನ ಕಣ್ಣಿಗೆ ಬಂತು ಅಂದ್ಕೊಂಡೆ. ಡಾಕ್ಟ್ರ ಹತ್ರ ಹೋಗೋಕೂ ಭಯ. ಇನ್ನೊಬ್ಬರು ಯಾರಾದ್ರೂ ಹೀಗೇ ನನ್ನ ಕಾಲ ಹತ್ರ ಬಿದ್ದಿದ್ರೆ ಅಂತ ಅನ್ನಿಸಿ ವೈರ್‌ಲೆಸ್ಸಿಗೆ ಹೋಗಿ ಕೂತೆ."

"ಮಿಕ್ಕವರಿಗೆ? ಅವರ ಹತ್ರಾನೂ ಅದೇ ಟಾರ್ಚಲ್ವಾ?"

"ಅವರೆಲ್ಲ ಹಳೇದನ್ನೇ ಜೇಬಲ್ಲಿ ಇಟ್ಕೊಂಡು ಬರ್ತಿದ್ರು. ಹೊಸದು ಭಾರ ಅಂತಿದ್ರು. ನನ್ನ ಮುಂದೆ ಮಂಕು ಅನ್ನೋಕೆ ನಾಚಿಕೆ ಆಗಿರುತ್ತೆ." ನಕ್ಕಳು, ನಗುವಿನಂತೆ ಕೇಳಿಸದ ನಗು. "ನಾನೊಬ್ಳೇ ಅದನ್ನ ಹಿಡ್ಕೊಂಡು ಓಡಾಡಿದ್ದು."

ಅವನು ಮೇಜಿನ ಅಂಚು ಹಿಡಿದುಕೊಂಡ. ಅವಳು ತನ್ನ ಕಣ್ಣನ್ನು ಬಿಟ್ಟು ಅವನ ಕಣ್ಣನ್ನು ನಂಬಿದ್ದಳು. ಕ್ಷಮಿಸು ಎಂಬ ಮಾತು ಬಾಯಿಗೆ ಬಂತು. ಹಳ್ಳದ ಅಂಚಿನಲ್ಲಿ ರಾತ್ರಿಯೆಲ್ಲ ಬಿದ್ದಿದ್ದವನ ಮುಂದೆ, ಇಷ್ಟು ತಿಂಗಳು ಗೋಡೆ ಹಿಡಿದು ಮೆಟ್ಟಿಲಿಳಿದ ಇವಳ ಮುಂದೆ ಆ ಮಾತು ತೀರ ಅಗ್ಗವೆನ್ನಿಸಿ ನುಂಗಿಕೊಂಡ. ಇನ್ನೂ ಒಂದು ಭಯ ಉಳಿದೇ ಇತ್ತು. ಟಾರ್ಚು ಮಂಕಿರಬಹುದು, ಅವಳ ಕಣ್ಣೂ ಮಂಕಿರಬಹುದು. ಎರಡೂ ನಿಜವಾಗಬಾರದೆಂದು ಯಾವ ನಿಯಮವೂ ಇಲ್ಲ. ಅದೇ ಪ್ರಶ್ನೆ ಅವಳ ಮುಖದಲ್ಲೂ ಇತ್ತು. ಮೊದಲು ಬಾಯಿಬಿಟ್ಟದ್ದು ಹೆಂಡತಿ, ಅಡುಗೆಮನೆಯ ಬಾಗಿಲಿನಿಂದ.

"ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂತ್ರೆ ಗೊತ್ತಾಗುತ್ತಾ? ಆ ಗೋದಾಮಿಗೆ ಕರ್ಕೊಂಡು ಹೋಗ್ರೀ ಅವಳನ್ನ."

ಬೆಳಗ್ಗೆ ಅಕ್ಕ ಬೂದು ಕೋಟನ್ನು ಮಡಚಿ ಅವನ ಕೈಗೆ ಕೊಟ್ಟಳು. ಅದರ ತೋಳು ಅವನ ಮುಂಗೈಯವರೆಗೂ ಬರಲಿಲ್ಲ, ಬೆನ್ನು ಬಿಗಿಯಿತು. ಬಾಗಿಲಿನ ಚಿಲಕ ನಿಲ್ಲುವುದಿಲ್ಲವೆಂದು ಅಕ್ಕ ಹೊರಗಿನಿಂದ ಅದನ್ನು ಎಳೆದು ಹಿಡಿದು ನಿಂತಳು. ಒಳಗೆ ಅಪ್ಪ, ಮಗಳು ಇಬ್ಬರೇ. ಮೊದಲು ಹೋದ ವರ್ಷದ್ದು. ಹಚ್ಚಿದಾಗ ಅದರ ಬೆಳಕಿಗೆ ಗೋದಾಮೇ ಬೆಚ್ಚಿದಂತಾಯಿತು. ಕಾದು, ಬಿಸಿಯಾಗಿ, ಅದು ಇಳಿದುಕೊಳ್ಳುವಾಗ ಮಗಳು ಉಸಿರು ಬಿಟ್ಟದ್ದು ಅವನಿಗೆ ಕೇಳಿಸಿತು. ಅವನು ನಡೆದ. ನಡೆಯುವವನಾಗಿ ಅವನಿಗೆ ಇದು ಮೊದಲ ಸಲ. ಬೆನ್ನಿಗೆ ಬೆಳಕು ಬೀಳುವುದು ಗೊತ್ತಾಗುವುದೇ ಇಲ್ಲ, ಮುಂದೆ ಚಾಚುವ ತನ್ನ ನೆರಳು ಮಾತ್ರ ಸ್ವಲ್ಪ ದೂರ ಜೊತೆಗಿದ್ದು ಬಿಟ್ಟುಹೋಗುತ್ತದೆ. ಇನ್ನೂ ಸರಿಯಾಗಿ ಹೆಜ್ಜೆಗೆ ಹೊಂದಿಕೊಂಡಿರಲಿಲ್ಲ, ಹಿಂದಿನಿಂದ "ಹೋಯ್ತು" ಎಂಬ ಸಣ್ಣ ದನಿ ಬಂತು. ಅವನು ನಿಂತ. ಬಗ್ಗಿ ನೆಲ ತಡವಿದ. ನಡುವಿನ ಗೆರೆಯ ಉಬ್ಬು ಬಣ್ಣ ಕೈಗೆ ಸಿಗಲಿಲ್ಲ. ಅದು ಇನ್ನೂ ಮುಂದೆಲ್ಲೋ ಇತ್ತು. ಟಾರ್ಚಿನ ತಪ್ಪೋ ಕಣ್ಣಿನ ತಪ್ಪೋ ಎಂದು ಹೇಳುವವರು ಯಾರೂ ಇರಲಿಲ್ಲ. ಅವನು ವಾಪಸು ಅವಳ ಹತ್ತಿರ ಬಂದು ಜೇಬಿನಲ್ಲಿದ್ದ ಟಾರ್ಚನ್ನು ಅವಳ ಕೈಗಿಟ್ಟ.

ಆಮೇಲೆ ಪುಟ್ಟದ್ದನ್ನು ಹಚ್ಚಿದಳು.

"ಸುಡ್ತಿದೆ ಅಪ್ಪ."

"ಸುಡ್ಲಿ. ಇನ್ನೊಂಚೂರು ಹಿಡ್ಕೋ. ಇಳೀತಾ?"

"ಇಳೀತು. ಹೂಂ, ಇಳೀತು. ಈಗ ನಿಂತಿದೆ. ಇನ್ನು ಇಳೀತಿಲ್ಲ."

ಅವನು ಬೆನ್ನು ತಿರುಗಿಸಿ ನಡೆದ. ಈ ಸಲ ನೆರಳು ಅವನನ್ನು ಬಿಟ್ಟುಹೋದ ಮೇಲೂ ಹಿಂದಿನಿಂದ ದನಿ ಬರಲಿಲ್ಲ. ಎರಡೂ ಕೈಗಳನ್ನು ಸ್ವಲ್ಪ ಮುಂದೆ ಮಾಡಿಕೊಂಡು, ತಾಯಿಯ ಹಾಗೆ, ಅಂಗಾಲಿನಿಂದ ನೆಲ ಕೇಳಿಕೊಂಡು ಹೋದ. ಗೆರೆಯ ಉಬ್ಬು ಪಾದಕ್ಕೆ ತಾಗಿತು, ದಾಟಿತು. ಇನ್ನೊಂದು. ಅವನು ಜೀವಮಾನವಿಡೀ ಆಡಿದ ಆ ಒಂದು ಮಾತು ಈಗ ಹಿಂದಿನಿಂದ ಬರಬಾರದೆಂದು ಹಲ್ಲು ಕಚ್ಚಿಕೊಂಡು ನಡೆದ. ಬಂದರೆ ನಿಂತಲ್ಲೇ ಕುಸಿದುಬಿಡುತ್ತೇನೆ ಎನ್ನಿಸಿತು. ಬರದೆ ಬರದೆ ಇನ್ನೊಂದು ಹೆದರಿಕೆ ಹುಟ್ಟಿತು. ಅವಳಿಗೆ ಕಾಣದೆಯೂ ಸುಮ್ಮನಿದ್ದರೆ? ಅಪ್ಪನನ್ನು ನೋಯಿಸಬಾರದೆಂದು, ಎಲ್ಲರೂ ಅವನಿಗಾಗಿ ಸುಮ್ಮನಿದ್ದಂತೆ, ಅವಳೂ ಬಾಯಿ ಮುಚ್ಚಿಕೊಂಡು ಕತ್ತಲೆಯ ಕಡೆ ಟಾರ್ಚು ಹಿಡಿದು ನಿಂತಿದ್ದರೆ? ಹಾಗೆ ಯೋಚಿಸುತ್ತಿರುವಾಗಲೇ ಬೆರಳ ತುದಿಗಳು ತಣ್ಣನೆಯ ಗೋಡೆಗೆ ತಗುಲಿದವು. ಗೋದಾಮು ಮುಗಿದಿತ್ತು. ಅವನಿಗೆ ಗೊತ್ತಿದ್ದಂತೆ ಯಾವ ಟಾರ್ಚಿನಲ್ಲೂ ಯಾರೂ ಇಲ್ಲಿಯವರೆಗೆ ಬಂದಿರಲಿಲ್ಲ.

ಗೋಡೆಗೆ ಮುಖಮಾಡಿ ನಿಂತೇ, ಎಡಗೈಯನ್ನು ಬೆನ್ನ ಹಿಂದೆ ತಂದು, ಮೂರು ಬೆರಳು ಬಿಡಿಸಿ ಹಿಡಿದ.

"ಎಷ್ಟು?" ಎಂದು ಕೂಗಿದ. ದನಿ ಒಡೆದುಹೋಗಿತ್ತು.

"ಮೂರು," ಎಂದಳು ಅವಳು, ಬಹಳ ದೂರದಿಂದ.

ಬೆರಳುಗಳನ್ನು ಮಡಚಿದ.

"ಮುಷ್ಟಿ."

ಅವನು ಹಣೆಯನ್ನು ಗೋಡೆಗೆ ಆನಿಸಿದ. ಕಪ್ಪು ಬಣ್ಣದ ಹಳೆಯ ವಾಸನೆ ಮೂಗಿಗೆ ಬಡಿಯಿತು. ಬಾಯಿಂದ ಯಾವ ಸದ್ದೂ ಹೊರಡದಂತೆ ಕೋಟಿನ ಗಿಡ್ಡ ತೋಳನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದ. ಇಷ್ಟು ದೂರಕ್ಕೆ ಯಾರಿಗೂ ಏನೂ ಕೇಳಿಸುವಂತಿರಲಿಲ್ಲ.

"ಅಪ್ಪ," ಎಂದು ಅವಳು ಆ ತುದಿಯಿಂದ ಕೂಗಿ ಕೇಳಿದಳು, "ಯಾಕಪ್ಪ ನಿನ್ನ ಭುಜ ಹಾಗೆ ನಡುಗ್ತಿದೆ?"